ನಲವತ್ತನೆಯ ಪದ

ಆ ದಿನದ ಅಷ್ಟೂ ಅನಾಹುತಕ್ಕೆ ಕಾರಣವಾದದ್ದು ಅಂಗೈಯಗಲದ ಒಂದು ನೀಲಿ ಚೀಟಿ. ಬೆಳಗಿನ ಜಾವದ ಅಡಿಗೆಮನೆಯಲ್ಲಿ, ಕಾಫಿ ಲೋಟಕ್ಕೆ ಒರಗಿ ನಿಂತು, ಅದು ವೆಂಡಲ್ ಸ್ಕಾರ್‌ನನ್ನು ಸಾಲಗಾರನನ್ನು ನೋಡುವ ಹಾಗೆ ನೋಡುತ್ತಿತ್ತು. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಬೇರೆಲ್ಲ ಕಡೆಗೂ ಕಣ್ಣು ಹಾಯಿಸಿದ. ಕೊನೆಗೆ ಅದನ್ನೇ ನೋಡಬೇಕಾಯಿತು.

ಚೀಟಿಯ ಮೇಲೆ ಬ್ರಾಟನ್ ಟೀಚರ್ ಕೈಬರಹದಲ್ಲಿ ಒಂದೇ ಪದ: ಮ್ಯಾಗ್ನ್ಯಾನಿಮಸ್. ಅದರಡಿಯಲ್ಲಿ ಅರ್ಥ: ‘ತನಗೆ ಕೆಡುಕು ಮಾಡಿದವರನ್ನೂ ಹಗೆಯಿಲ್ಲದೆ ಕ್ಷಮಿಸಿಬಿಡುವ, ದೊಡ್ಡ ಮನಸ್ಸಿನ.’ ಅದರಡಿಯಲ್ಲಿ ಮೂರು ಖಾಲಿ ಗೆರೆ.

ಹೈಸ್ಕೂಲನ್ನು ನಡುವೆ ಬಿಟ್ಟ ದೊಡ್ಡವರಿಗೆ ಊರ ಲೈಬ್ರರಿಯ ನೆಲಮಾಳಿಗೆಯಲ್ಲಿ ಪಾಠ ಹೇಳುವವರು ಈ ಬ್ರಾಟನ್ ಟೀಚರ್. ಪದವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅವರಿಗೆ ಸಮಾಧಾನವಿಲ್ಲ. ಪದ ನಾಲಿಗೆಯ ಮೇಲೆ ಬದುಕಬೇಕು ಎನ್ನುವವರು. ಒಂದೊಂದು ಪದವನ್ನೂ ಮೂವರು ಬೇರೆ ಬೇರೆ ಜನರ ಹತ್ತಿರ, ಮೂರು ಬೇರೆ ಬೇರೆ ನಿಜಸಂಗತಿ ಹೇಳುವಾಗ ಬಳಸಬೇಕು. ಕೇಳಿದವರು ‘ಸರಿಯಾಗಿ ಬಳಸಿದ’ ಎಂದು ಒಪ್ಪಿ ಚೀಟಿಗೆ ಸಹಿ ಹಾಕಬೇಕು. ಮನೆಯವರ ಸಹಿ ನಡೆಯದು. ಕಟ್ಟುಕತೆಯಂತೂ ಸುತರಾಂ ನಡೆಯದು.

ಇಂಥ ನಲವತ್ತು ಚೀಟಿಗಳಲ್ಲಿ ಮೂವತ್ತೊಂಬತ್ತನ್ನು ವೆಂಡಲ್ ಗೆದ್ದುಕೊಂಡಿದ್ದ. ವಿಪರೀತ ಚಳಿ ಎನ್ನುವ ಅರ್ಥದ ಪದ ಬಂದದ್ದು ಜನವರಿಯಲ್ಲಿ. ಮಿನೆಸೋಟಾದ ಜನವರಿಯಲ್ಲಿ ಆ ಪದಕ್ಕೆ ಮೂರು ಸಹಿ ಬೀಳುವುದಕ್ಕೆ ಪೆಟ್ರೋಲ್ ಬಂಕಿನ ಬಾಗಿಲಲ್ಲಿ ಆರು ನಿಮಿಷ ನಿಂತರೆ ಸಾಕಾಯಿತು. ಲಡಕಾಸಿ ಎನ್ನುವ ಅರ್ಥದ ಪದಕ್ಕೆ ತನ್ನ ಹಳದಿ ಸ್ಕೂಲ್ ಬಸ್ಸಿನ ಕಡೆ ಬೆರಳು ತೋರಿಸಿದ್ದೇ ಸಾಕಾಗಿತ್ತು. ಆದರೆ ಈ ನಲವತ್ತನೆಯದು ಮೂರು ವಾರದಿಂದ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು. ಇವತ್ತೇ ಕೊನೆಯ ದಿನ. ಸಂಜೆ ಐದಕ್ಕೆ ಚೀಟಿ ತುಂಬಿ ಒಪ್ಪಿಸಿದರೆ ಸರ್ಟಿಫಿಕೇಟು. ಆರಕ್ಕೆ ಬಸ್ ಡಿಪೋದ ಯಜಮಾನ ಲೀಲಂಡ್, ಹೊಸ ಡಿಸ್ಪ್ಯಾಚರ್ ಯಾರೆಂದು ಹಲಗೆಯ ಮೇಲೆ ಬರೆಯುತ್ತಾನೆ. ಹೈಸ್ಕೂಲು ಸರ್ಟಿಫಿಕೇಟು ಇಲ್ಲದವರ ಹೆಸರು ಬರೆಯುವ ಹಾಗಿಲ್ಲ.

ಡಿಸ್ಪ್ಯಾಚರ್ ಎಂದರೆ ಹೀಟರಿನ ಪಕ್ಕದ ಗಾಲಿ ಕುರ್ಚಿಯಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ ಎಂದು ರೇಡಿಯೋದಲ್ಲಿ ಹೇಳುವವನು. ವೆಂಡಲ್ ಇಪ್ಪತ್ತಮೂರು ವರ್ಷದಿಂದ ಕತ್ತಲಲ್ಲಿ ಎದ್ದು, ಹೆಪ್ಪುಗಟ್ಟಿದ ಇಂಜಿನ್ನಿಗೆ ಜೀವ ಬರಿಸಿ, ಮರಗಟ್ಟಿದ ಮಂಡಿಯಲ್ಲಿ ಕ್ಲಚ್ಚು ತುಳಿದವನು. ಆ ಕುರ್ಚಿ ಅವನಿಗೆ ಕನಸಿನಲ್ಲಿ ಬರುತ್ತಿತ್ತು, ಬಂದಾಗಲೆಲ್ಲ ಬೆಚ್ಚಗಿರುತ್ತಿತ್ತು.

“ಇದೊಂದು ಯಾಕೆ ಇಷ್ಟು ಕಷ್ಟ ನಿನಗೆ?” ಎಂದಳು ಹೆಂಡತಿ ಮರ್ನಾ, ಅವನ ಡಬ್ಬಿಗೆ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್ ತುಂಬುತ್ತ. “ನಮ್ಮೂರಲ್ಲಿ ಎಲ್ಲಾರೂ ಒಳ್ಳೆಯವರೇ ಅಲ್ವಾ?”

“ಒಳ್ಳೆಯವರಾದ್ರೆ ಸಾಲದು ಕಣೇ. ಮೊದಲು ಅವರಿಗೆ ಯಾರಾದ್ರೂ ಕೆಟ್ಟದ್ದು ಮಾಡಿರ್ಬೇಕು. ಆಮೇಲೆ ಅವರು ಕ್ಷಮಿಸ್ಬೇಕು. ನಮ್ಮೂರಲ್ಲಿ ಯಾರು ಯಾರಿಗೆ ಏನು ಮಾಡ್ತಾರೆ ಹೇಳು?”

ಮರ್ನಾ ಯೋಚಿಸಿದಳು. “ಏನೂ ಮಾಡಲ್ಲ,” ಎಂದು ಒಪ್ಪಿಕೊಂಡಳು. ಊರಿನ ಬಗ್ಗೆ ಮೊದಲ ಸಲ ಅವಳಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಪದವನ್ನು ಬಾಯಲ್ಲಿ ಪೆಪ್ಪರ್‌ಮಿಂಟಿನ ಹಾಗೆ ಹೊರಳಿಸುತ್ತಲೇ ವೆಂಡಲ್ ಪಿಕಪ್ಪು ಹಿಂದಕ್ಕೆ ತೆಗೆದ. ಮ್ಯಾಗ್... ನ್ಯಾ... ನಿ... ಎನ್ನುವಷ್ಟರಲ್ಲಿ ಹಿಂದೆ ಧಡ್ ಎಂದಿತು. ಇಳಿದು ನೋಡಿದರೆ ಎದುರುಮನೆ ಇಡೆಲ್ಲಾ ಫಾಸಮ್‌ಳ ಟಪಾಲು ಪೆಟ್ಟಿಗೆ, ಕಂಬದ ಸಮೇತ, ಹಿಮದಲ್ಲಿ ಅಂಗಾತ ಮಲಗಿತ್ತು.

ಇಡೆಲ್ಲಾ ಶಾಲೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ಊರಿನ ಅರ್ಧ ಜನರ ತಲೆಯಲ್ಲಿ ಹೇನು ಹುಡುಕಿದ ಕೈ ಅವಳದು. ನಿಲುವಂಗಿಯ ಕೆಳಗೆ ಹಿಮದ ಬೂಟು ಮೆಟ್ಟಿಕೊಂಡು ಹೊರಗೆ ಬಂದಳು. ವೆಂಡಲ್‌ಗೆ ಎದೆ ಡವಡವ ಎಂದಿತು. ಹೆದರಿಕೆಗಲ್ಲ, ಸಂತೋಷಕ್ಕೆ. ಇಗೋ, ಕೆಡುಕು ಆಯಿತು! ಇನ್ನು ಕ್ಷಮೆ ಒಂದು ಬಾಕಿ.

“ಇಡೆಲ್ಲಾ, ನನ್ನದೇ ತಪ್ಪು. ಪೂರ್ತಿ ನನ್ನದೇ.”

“ನಿಮ್ಮದೇನು ತಪ್ಪು ಬಿಡಿ. ಆ ಕಂಬಾನೇ ರಸ್ತೆಗೆ ಸ್ವಲ್ಪ ಹತ್ತಿರ ನಿಂತಿತ್ತು.”

“ಇಲ್ಲ, ಇಲ್ಲ, ನಾನು ಹಿಂದೆ ನೋಡಲಿಲ್ಲ.”

“ಈ ಚಳೀಲಿ ಕತ್ತು ತಿರುಗಿಸೋಕೆ ಯಾರಿಗಾಗುತ್ತೆ? ಹೇಗೂ ಅದು ಬೀಳೋ ಹಾಗೇ ಇತ್ತು. ನಿಮ್ಮ ಗಾಡಿಗೇನೂ ಆಗಿಲ್ಲ ತಾನೆ? ನನ್ನಿಂದ ನಿಮಗೆ ಬೆಳಿಗ್ಗೆ ಬೆಳಿಗ್ಗೆ ತೊಂದರೆ.”

ಆ ಊರಿನ ರೀತಿಯೇ ಅದು. ‘ಕ್ಷಮಿಸಿದ್ದೇನೆ’ ಎಂದರೆ ‘ನೀನು ತಪ್ಪು ಮಾಡಿದೆ’ ಎಂದು ಮುಖದ ಮೇಲೆ ಹೇಳಿದಂತೆ. ಅಷ್ಟು ಒರಟಾಗಿ ಅಲ್ಲಿ ಯಾರೂ ಮಾತಾಡುವುದಿಲ್ಲ. ಕಾಲಿನ ಮೇಲೆ ಬಂಡೆ ಹಾಕಿದರೂ, ಕಾಲು ಅಲ್ಲಿ ಇಟ್ಟದ್ದಕ್ಕೆ ಅವರೇ ನೊಂದುಕೊಳ್ಳುತ್ತಾರೆ. ಆದರೂ ವೆಂಡಲ್ ಬಿಡಲಿಲ್ಲ. ಜೇಬಿನಿಂದ ಚೀಟಿ, ಪೆನ್ನು ತೆಗೆದ.

“ನೀವು ನಿಜವಾಗ್ಲೂ ಮ್ಯಾಗ್ನ್ಯಾನಿಮಸ್, ಇಡೆಲ್ಲಾ. ಇಲ್ಲೊಂದು ಸಹಿ ಹಾಕ್ತೀರಾ?”

ಚೀಟಿಯಲ್ಲಿದ್ದ ಅರ್ಥವನ್ನು ಓದಿದ ಇಡೆಲ್ಲಾಳ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. “ಅಯ್ಯಯ್ಯೋ! ನಾನು ದೊಡ್ಡ ಮನಸ್ಸಿನವಳು ಅಂತ ನಾನೇ ಸಹಿ ಹಾಕೋದೇ? ಚರ್ಚಲ್ಲಿ ಭಾನುವಾರ ನಾನು ಹೇಗೆ ಮುಖ ತೋರಿಸ್ಲಿ? ಪೆಟ್ಟಿಗೆ ಬೀಳಿಸಿದ್ದು ಪರವಾಗಿಲ್ಲ ವೆಂಡಲ್, ಆದ್ರೆ ಇಂಥಾ ಮಾತೆಲ್ಲ ಆಡಬಾರದು ನೀವು,” ಎಂದು ಬಾಗಿಲು ಹಾಕಿಕೊಂಡಳು. ಮೆಲ್ಲಗೆ ಹಾಕಿಕೊಂಡಳು. ಆ ಊರಿನಲ್ಲಿ ಬಾಗಿಲು ಮೆಲ್ಲಗೆ ಮುಚ್ಚಿತೆಂದರೆ ಒಳಗಿನವರಿಗೆ ಬಹಳ ನೋವಾಗಿದೆ ಎಂದೇ ಅರ್ಥ.

ಡಿಪೋ ತಲುಪುವ ಹೊತ್ತಿಗೆ ವೆಂಡಲ್‌ಗೆ ಬುದ್ಧಿ ಹೊಳೆದಿತ್ತು. ಕ್ಷಮಿಸಿದವರು ಸಹಿ ಹಾಕದಿದ್ದರೆ ಏನಂತೆ? ಅವರ ಕತೆಯನ್ನು ಇನ್ನೊಬ್ಬರಿಗೆ ಹೇಳಿ, ಕೇಳಿದವರ ಸಹಿ ತೆಗೆದುಕೊಂಡರಾಯಿತು. ಆ ಹೊತ್ತಿಗೆ ಅಲ್ಲಿದ್ದವನು ಕರ್ಟಿಸ್ ಒಬ್ಬನೇ. ಅದೇ ಕುರ್ಚಿಯ ಮೇಲೆ ಕಣ್ಣಿಟ್ಟ ಇನ್ನೊಬ್ಬ ಡ್ರೈವರು. ಸರ್ಟಿಫಿಕೇಟು ಮೊದಲಿಂದಲೂ ಇದ್ದವನು. ಮೃದು ಸ್ವಭಾವದವನು. ಬಾಯಿ ಮಾತ್ರ ಮುಚ್ಚಳವಿಲ್ಲದ ಡಬ್ಬಿ.

“ಇವತ್ತು ಇಡೆಲ್ಲಾ ಎಷ್ಟು ಮ್ಯಾಗ್ನ್ಯಾನಿಮಸ್ ಆಗಿ ನಡ್ಕೊಂಡ್ರು ಗೊತ್ತಾ? ನಾನು ಅವರ ಟಪಾಲು ಪೆಟ್ಟಿಗೆ ಉರುಳಿಸಿದೆ. ಒಂದು ಮಾತು ಅನ್ನಲಿಲ್ಲ.”

“ಅಷ್ಟು ಕೆಂಪು ಪೆಟ್ಟಿಗೆ ನಿನ್ನ ಕಣ್ಣಿಗೆ ಕಾಣಲಿಲ್ವೇನೋ?” ಕರ್ಟಿಸ್ ಬಗ್ಗಿ ಅವನ ಕಣ್ಣನ್ನೇ ನೋಡಿದ. ಆಮೇಲೆ ಪಾಪ ಎನ್ನಿಸಿತೋ ಏನೋ, ಸಹಿ ಹಾಕಿದ. “ಇನ್ನೊಬ್ಬರ ದೊಡ್ಡತನಕ್ಕೆ ತಾನೆ, ಎಷ್ಟು ಬೇಕಾದ್ರೂ ಹಾಕ್ತೀನಿ.”

ಒಂದು ಗೆರೆ ತುಂಬಿತು. ಆದರೆ ಟೀಚರ್ ಕೇಳುವುದು ಮೂರು ಬೇರೆ ಬೇರೆ ಸಂಗತಿ. ಇನ್ನೂ ಎರಡು ಕೆಡುಕು ಬೇಕು, ಸಂಜೆಯೊಳಗೆ ಬೇಕು. ಯಾರೋ ಯಾರಿಗೋ ಕೆಡುಕು ಮಾಡಲಿ ಎಂದು ಕಾದು ಕೂತರೆ ಆ ಊರಿನಲ್ಲಿ ಆಯಸ್ಸೇ ಮುಗಿದುಹೋಗುತ್ತದೆ. ಮಕ್ಕಳನ್ನು ಶಾಲೆಗೆ ಇಳಿಸಿ ಬರುತ್ತ, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ ವೆಂಡಲ್‌ಗೆ, ಕೆಡುಕು ಮಾಡುವವನು ತಾನೇ ಆಗಬೇಕಾಗಿದೆ ಎನ್ನುವುದು ಹೊಳೆದು, ಮೈ ಜುಮ್ಮೆಂದಿತು.

ಬುಧವಾರ ಹತ್ತು ಗಂಟೆಗೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಇರುತ್ತದೆ. ಐವರು ಹೆಂಗಸರು ದೊಡ್ಡ ಮರದ ಚೌಕಟ್ಟಿಗೆ ಬಿಗಿದ ಕೌದಿಯ ಸುತ್ತ ಕೂತು ಹೊಲಿಗೆ ಹಾಕುತ್ತಿದ್ದರು. ಅಕ್ಟೋಬರಿನಿಂದ ಹೊಲಿಯುತ್ತಿದ್ದ ಕೌದಿ. ಬಿಳಿ ನೆಲದ ಮೇಲೆ ನೀಲಿ ನಕ್ಷತ್ರ. ನೋಡಿದರೆ ಹಿಮದ ಬಯಲಿನ ಮೇಲೆ ಆಕಾಶವೇ ಬಂದು ಮಲಗಿತ್ತು. ವೆಂಡಲ್ ತುಂಬಿದ ಕಾಫಿ ಲೋಟವನ್ನು ಹಿಡಿದು ಹೊಗಳುತ್ತ ನಿಂತ. ಹೊಗಳುತ್ತಲೇ ಲೋಟವನ್ನು ಚೌಕಟ್ಟಿನ ಅಂಚಿನ ಮೇಲೆ ಇಟ್ಟ. ಅಂಚು ಎರಡು ಬೆರಳಗಲ, ಲೋಟ ನಾಲ್ಕು ಬೆರಳಗಲ. ಲೋಟ ವಾಲಿದ್ದನ್ನು ಅವನು ಕಂಡ. ಬೇರೆ ದಿನವಾಗಿದ್ದರೆ ಗಬಕ್ಕನೆ ಹಿಡಿಯುತ್ತಿದ್ದ. ಇವತ್ತು ಕೈ ಅರೆಕ್ಷಣ ತಡವಾಗಿ ಹೊರಟಿತು.

ಐದು ಸೂಜಿಗಳೂ ಗಾಳಿಯಲ್ಲಿ ನಿಂತವು. ಕಾಫಿ ನಕ್ಷತ್ರದಿಂದ ನಕ್ಷತ್ರಕ್ಕೆ, ಆತುರವಿಲ್ಲದ ನದಿಯ ಹಾಗೆ ಹರಿಯಿತು.

“ಹೂಂ...” ಎಂದಳು ಒಬ್ಬಳು. “ಅಲ್ಲೊಂದು ಕಂದು ಬಣ್ಣ ಬೇಕು ಅಂತ ನಾನು ಆಗ್ಲೇ ಅಂದ್ಕೊಂಡಿದ್ದೆ.”

“ಬರೀ ಬಿಳಿ ಆದ್ರೆ ಬೇಗ ಕೊಳೆ ಕಾಣುತ್ತೆ,” ಎಂದಳು ಇನ್ನೊಬ್ಬಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. “ವೆಂಡಲ್, ಇನ್ನೊಂದು ಲೋಟ ಕಾಫಿ ಕೊಡ್ಲಾ?”

ವೆಂಡಲ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಪಾಸ್ಟರ್ ಲೋವೆನ್ ಅವರ ಕೋಣೆಗೆ ನುಗ್ಗಿದ. ಹೆಂಗಸರ ದೊಡ್ಡ ಮನಸ್ಸನ್ನು, ಪದವನ್ನು ಸರಿಯಾದ ಜಾಗದಲ್ಲಿ ಕೂರಿಸಿ, ವರ್ಣಿಸಿದ. ಚರ್ಚಿನ ಆ ಪಾದ್ರಿಯಮ್ಮ ಸಂತೋಷದಿಂದಲೇ ಸಹಿ ಹಾಕಿದರು. ಆಮೇಲೆ ಕನ್ನಡಕ ತೆಗೆದು, “ವೆಂಡಲ್, ಬೆಳಿಗ್ಗೆ ಟಪಾಲು ಪೆಟ್ಟಿಗೆ ಅಂತೆ, ಈಗ ಲೋಟ. ಕಣ್ಣು ಚೆನ್ನಾಗಿ ಕಾಣಿಸ್ತಾ ಇದೆ ತಾನೆ?” ಎಂದರು. ಕರ್ಟಿಸ್‌ನ ಸುದ್ದಿ ಬಸ್ಸಿಗಿಂತ ಬೇಗ ಬಂದು ಇಳಿದಿತ್ತು.

“ಎಲ್ಲಾ ಚೆನ್ನಾಗಿದೆ ಪಾಸ್ಟರ್,” ಎಂದ ವೆಂಡಲ್, ಗಾಳಿಯಲ್ಲಿ ಚೀಟಿ ಆರಿಸುತ್ತ. ಶಾಯಿ ಒಣಗುವ ಮೊದಲೇ ಅವನ ಮನಸ್ಸು ಮೂರನೆಯ ಗೆರೆಗೆ ಹಾರಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಲೀಲಂಡ್ ಯಾವಾಗಲೂ ಹೆಪ್ಪುಗಟ್ಟಿದ ಕೆರೆಯ ಮೇಲೆ, ತನ್ನ ಮೀನು ಗುಡಿಸಲಲ್ಲಿ ಇರುತ್ತಾನೆ. ಮಂಜುಗಡ್ಡೆಗೆ ಎರಡು ತೂತು ಕೊರೆದು, ಎರಡು ಗಾಳ ಬಿಟ್ಟು, ಒಂದು ಮಾತೂ ಆಡದೆ ಕೂರುತ್ತಾನೆ. ಸರ್ಟಿಫಿಕೇಟು ಸಂಜೆ ಖಂಡಿತ ಬರುತ್ತದೆ, ಹಲಗೆಯ ಮೇಲೆ ಬರೆಯುವ ಮುಂಚೆ ಸ್ವಲ್ಪ ಕಾಯಿರಿ ಎಂದು ಕೇಳಲು ವೆಂಡಲ್ ಅಲ್ಲಿಗೆ ಹೋದ. ನಿಜವಾಗಿಯೂ ಅದಕ್ಕೇ ಹೋದ. ಆದರೆ ಬಾಗಿಲು ತೆಗೆದಾಗ ಲೀಲಂಡ್ ಮಂಡಿಯೂರಿ ತೂತಿನ ಮೇಲೆ ಬಗ್ಗಿದ್ದ. ಮುಖದಲ್ಲಿ ಮದುಮಗನ ಕಳೆ.

“ಬಂದ್ಯಾ! ಬೇಗ ಬಾರೋ! ಹನ್ನೊಂದು ವರ್ಷದಿಂದ ನಾನು ಕಾಯ್ತಿದ್ದ ಮೀನು ಕಣೋ ಇದು. ಎರಡೂ ದಾರ ಸಿಕ್ಕಾಗಿ ಕೂತಿದೆ. ಆ ಚಾಕು ತಗೋ. ಕೆಂಪು ದಾರ ಕತ್ತರಿಸು. ಬಿಳಿದನ್ನ ಮುಟ್ಬೇಡ, ಮೀನು ಇರೋದು ಬಿಳಿದರಲ್ಲಿ.”

ವೆಂಡಲ್ ಚಾಕು ತೆಗೆದುಕೊಂಡ. ತೂತಿನ ಕಪ್ಪು ನೀರಿನಲ್ಲಿ ಮೀನು ಒಮ್ಮೆ ಮೇಲೆ ಬಂದು ಹೊರಳಿತು. ಮಂಡಿಯಿಂದ ಪಾದದವರೆಗಿನ ಉದ್ದ. ಅದರ ಕಣ್ಣು ಹಳೆಯ ಕತೆಗಳಲ್ಲಿ ವರ ಕೊಡುವ ಮೀನಿನ ಕಣ್ಣಿನ ಹಾಗೆ ಚಿನ್ನದ ಬಣ್ಣಕ್ಕೆ ಹೊಳೆಯಿತು. ಏನು ಬೇಕು ಕೇಳು ಎಂದಂತಿತ್ತು. ವೆಂಡಲ್‌ಗೆ ಬೇಕಾಗಿದ್ದದ್ದು ಒಂದು ಗೆರೆಯ ಮೇಲೆ ಒಂದು ಸಹಿ. ಕೆಂಪು ದಾರ ಕೆಂಪಾಗಿಯೇ ಕಂಡಿತು, ಬಿಳಿ ದಾರ ಬಿಳಿಯಾಗಿಯೇ ಕಂಡಿತು.

ಚಾಕು ಆಡಿತು. ಬಿಳಿ ದಾರ ಸುಯ್ ಎಂದು ತೂತಿನೊಳಗೆ ಇಳಿದು ಮಾಯವಾಯಿತು.

ಲೀಲಂಡ್ ತೂತನ್ನೇ ನೋಡುತ್ತ ಕೂತ. ಕೆರೆಯ ಮಂಜುಗಡ್ಡೆ ಎಲ್ಲೋ ದೂರದಲ್ಲಿ ಒಮ್ಮೆ ಬಿರುಕು ಬಿಟ್ಟು ನರಳಿತು. ಅವನ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಕೈ ಮುಷ್ಟಿಯಾಯಿತು, ಮುಷ್ಟಿ ಬಿಚ್ಚಿಕೊಂಡಿತು.

“ಸ್ವಲ್ಪ ಸಣ್ಣದೇ ಆಗಿತ್ತು ಬಿಡು,” ಎಂದ ಕೊನೆಗೆ.

ಐದಕ್ಕೆ ಹತ್ತು ನಿಮಿಷ ಇರುವಾಗ ವೆಂಡಲ್ ಲೈಬ್ರರಿಯ ಮೆಟ್ಟಿಲು ಇಳಿದ. ಸಾಯಂಕಾಲದ ಮಕ್ಕಳನ್ನು ಮನೆ ಮುಟ್ಟಿಸುವಷ್ಟರಲ್ಲಿ ಮೂರನೆಯ ಸಹಿಗೆ ಯಾರನ್ನು ಕೇಳುವುದೆಂದು ತಿಳಿಯದೆ ಬೆವರಿಹೋಗಿದ್ದ. ಬ್ರಾಟನ್ ಟೀಚರ್ ಕೋಟು ಹಾಕಿಕೊಳ್ಳುತ್ತಿದ್ದರು.

“ಎರಡೇ ಸಹಿ ಇದೆಯಲ್ಲ ವೆಂಡಲ್?”

“ಟೀಚರ್, ಕೇಳಿ. ನಮ್ಮ ಲೀಲಂಡ್‌ನಷ್ಟು ಮ್ಯಾಗ್ನ್ಯಾನಿಮಸ್ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇಲ್ಲ,” ಎಂದು ಶುರುಮಾಡಿ, ದಾರ ಕತ್ತರಿಸಿದ್ದನ್ನೂ ‘ಸಣ್ಣದೇ ಆಗಿತ್ತು’ ಎಂದದ್ದನ್ನೂ ಹೇಳಿದ. ಕೆಂಪು ಕೆಂಪಾಗಿಯೇ ಕಂಡಿತ್ತು ಎನ್ನುವುದನ್ನು ಮಾತ್ರ ನುಂಗಿಕೊಂಡ.

ಟೀಚರ್ ಕೋಟಿನ ಗುಂಡಿ ಹಾಕುವುದನ್ನು ನಿಲ್ಲಿಸಿದರು. “ಮೀನು ಹಿಡಿಯೋನೊಬ್ಬ ಹಾಗಂದನೇ? ಇದಕ್ಕಿಂತ ಸರಿಯಾಗಿ ಈ ಪದಾನ ಬಳಸಿದವರನ್ನ ನಾನು ನೋಡಿಲ್ಲ. ಟೀಚರ್ ಸಹಿ ಹಾಕಬಾರದು ಅಂತ ನಾನೆಲ್ಲೂ ಬರೆದಿಲ್ಲ, ಕೊಡಿ ಇಲ್ಲಿ.” ಸಹಿ ಬಿತ್ತು. ಸರ್ಟಿಫಿಕೇಟಿಗೆ ಮುದ್ರೆ ಬಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಹೈಸ್ಕೂಲು ಮುಗಿಸಿದ ವೆಂಡಲ್ ಸ್ಕಾರ್ ಆ ಕಾಗದವನ್ನು ಕೋಟಿನ ಒಳಜೇಬಿನಲ್ಲಿ, ಎದೆಗೆ ತಾಗುವಂತೆ ಇಟ್ಟುಕೊಂಡು ಡಿಪೋಕ್ಕೆ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋದ.

ಡಿಪೋದಲ್ಲಿ ಮೂವರು ಕಾಯುತ್ತಿದ್ದರು. ಲೀಲಂಡ್, ಕರ್ಟಿಸ್, ಕಂಕುಳಲ್ಲಿ ಉದ್ದನೆಯ ಸುರುಳಿ ಇಟ್ಟುಕೊಂಡ ಇಡೆಲ್ಲಾ. ಮೂವರ ಮುಖದಲ್ಲೂ ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ನಗು.

“ಕೂತ್ಕೋ ವೆಂಡಲ್,” ಎಂದ ಲೀಲಂಡ್, ಗಾಲಿ ಕುರ್ಚಿಯನ್ನೇ ಅವನ ಕಡೆ ತಳ್ಳಿ. “ಈ ಕುರ್ಚಿ ಇನ್ನು ನಿನ್ನದು.”

ವೆಂಡಲ್ ಒಳಜೇಬಿಗೆ ಕೈ ಹಾಕಿದ. “ನನ್ನ ಸರ್ಟಿಫಿಕೇಟು...”

“ಅದೆಲ್ಲ ಬೇಡ ಬಿಡು. ಕಣ್ಣು ಮಂದವಾದ ಡ್ರೈವರಿಗೆ ಕೂರೋ ಕೆಲಸ ಕೊಡಬೇಕು ಅಂತ ಜಿಲ್ಲೆಯ ನಿಯಮಾನೇ ಇದೆ. ಅದಕ್ಕೆ ಓದಿರಬೇಕು ಅಂತೇನೂ ಇಲ್ಲ. ಕರ್ಟಿಸ್ ತಾನಾಗೇ ಬಿಟ್ಟುಕೊಟ್ಟ.”

“ನಿನಗೇ ಬೇಕು ಕಣೋ ಅದು,” ಎಂದ ಕರ್ಟಿಸ್, ಅವನ ಬೆನ್ನು ಸವರುತ್ತ. “ಕೆಂಪು ಬಿಳಿ ಗೊತ್ತಾಗದೆ ಬಸ್ಸು ಹೇಗೆ ಓಡಿಸ್ತೀಯ? ಪೆಟ್ಟಿಗೆ ಕಾಣಲಿಲ್ಲ, ಕೌದಿಯ ಚೌಕಟ್ಟು ಕಾಣಲಿಲ್ಲ. ಪಾಪ, ಎಷ್ಟು ದಿನದಿಂದ ನುಂಗಿಕೊಂಡಿದ್ಯೋ ಏನೋ.”

ಇಡೆಲ್ಲಾ ಸುರುಳಿ ಬಿಚ್ಚಿ ಗೋಡೆಗೆ ತೂಗುಹಾಕಿದಳು. ಶಾಲೆಯ ಮಕ್ಕಳ ಕಣ್ಣು ನೋಡುವ ಅಕ್ಷರದ ಪಟ. ಮೇಲೆ ಕುಂಬಳಕಾಯಿಯಷ್ಟು ದೊಡ್ಡ ಅಕ್ಷರ, ಕೆಳಗೆ ಬರುತ್ತ ಬರುತ್ತ ಸಾಸಿವೆ. “ಒಂದು ನಿಮಿಷದ ಕೆಲಸ. ಕಾಗದದಲ್ಲಿ ಬರೆಯೋಕೆ ಬೇಕು ಅಷ್ಟೆ. ಇದು ಓದ್ತೀರಾ?”

ವೆಂಡಲ್‌ಗೆ ಎಲ್ಲ ಅರ್ಥವಾಯಿತು. ‘ಕಾಣಲ್ಲ’ ಎನ್ನುವುದೊಂದೇ ಮಾತು, ಕುರ್ಚಿ ತನ್ನದು. ಹೀಟರು ಮಂಡಿಗೆ ಬಿಸಿ ಊದುತ್ತಿತ್ತು. ಇಪ್ಪತ್ತಮೂರು ವರ್ಷದ ಚಳಿ ಮಂಡಿಯಿಂದ ಇಳಿದು ಹೋಗುತ್ತಿದ್ದುದು ಅವನಿಗೆ ಗೊತ್ತಾಗುತ್ತಿತ್ತು.

“ಕಾಣಲ್ಲ,” ಎಂದ.

ಮೂವರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಲೀಲಂಡ್ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಅವನ ಹೆಸರು ಬರೆಯತೊಡಗಿದ.

“ಎರಡನೇ ಸಾಲು?”

“ಅದೂ ಕಾಣಲ್ಲ.”

“ಸಾಕು ಬಿಡಿ, ಯಾಕೆ ಬಲವಂತ ಮಾಡೋದು,” ಎಂದಳು ಇಡೆಲ್ಲಾ, ಕರ್ಟಿಸ್‌ನ ಕಡೆ ತಿರುಗಿ ದನಿ ತಗ್ಗಿಸಿ. ಅವಳ ತಗ್ಗಿದ ದನಿ ಮೂರು ಕೋಣೆಗೆ ಕೇಳುವಂಥದ್ದು. “ಅಕ್ಷರ ಅಂದ್ರೆ ಪಾಪ ಮೊದಲಿಂದ್ಲೂ ಅವರಿಗೆ ಅಷ್ಟಕ್ಕಷ್ಟೆ. ಶಾಲೆ ಬಿಟ್ಟೋರು ನೋಡಿ. ಕಣ್ಣಿದ್ದಾಗ್ಲೇ ಓದೋಕೆ ಬರ್ತಿತ್ತೋ ಇಲ್ವೋ.”

ವೆಂಡಲ್‌ನ ಎದೆಯ ಹತ್ತಿರ ಕಾಗದ ಚರಕ್ ಎಂದಿತು. ನಲವತ್ತು ಪದ. ನೂರ ಇಪ್ಪತ್ತು ಸಹಿ. ಬಾಯಿ ಮುಚ್ಚು, ಕುರ್ಚಿ ನೋಡು, ಹೀಟರು ನೋಡು ಎಂದು ಮಂಡಿ ಗೋಗರೆಯಿತು. ಬಾಯಿ ಕೇಳಲಿಲ್ಲ. ಅದು ಮೊದಲ ಸಾಲನ್ನು ಓದಿತು, ಎರಡನೆಯದನ್ನು ಓದಿತು, ಇಳಿಯುತ್ತ ಇಳಿಯುತ್ತ ಸಾಸಿವೆಯ ಸಾಲನ್ನೂ ಎಲ್ಲೂ ತೊದಲದೆ ಓದಿತು. ಅಲ್ಲಿಗೂ ನಿಲ್ಲಲಿಲ್ಲ. ಪಟದ ತೀರ ಕೆಳಗೆ, ಇರುವೆ ಸಾಲಿನಂತೆ ಅಚ್ಚಾಗಿದ್ದ, ಮೂವತ್ತು ವರ್ಷದಲ್ಲಿ ಇಡೆಲ್ಲಾಳೇ ಒಮ್ಮೆಯೂ ಗಮನಿಸದ, ಪಟ ಅಚ್ಚುಮಾಡಿದವರ ಹೆಸರು, ಬೀದಿ, ಊರು, ‘ಬಿಸಿಲಿಗೆ ಒಡ್ಡಬಾರದು’ ಎಂಬ ಎಚ್ಚರಿಕೆ, ಎಲ್ಲವನ್ನೂ ಕೂತಲ್ಲಿಂದಲೇ ಓದಿ ಮುಗಿಸಿ, “ಇದು ಓದು ಬಂದವನ ಓದು!” ಎಂದು ವೆಂಡಲ್ ಎದೆ ಸೆಟೆಸಿ ಎದ್ದು ನಿಂತ.

ಇಡೆಲ್ಲಾ ಕಣ್ಣರಳಿಸಿದ್ದಳು. ಕರ್ಟಿಸ್ ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದ: ಪೆಟ್ಟಿಗೆ, ಲೋಟ... ಹಲಗೆಯ ಮುಂದೆ ಲೀಲಂಡ್, ಅರ್ಧ ಬರೆದ ಹೆಸರಿಗೆ ಬೆನ್ನು ಹಾಕಿ, ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿದ. ಅವನ ಕಿವಿ ಕೆಂಪಾಗತೊಡಗಿತ್ತು.

“ಹಾಗಾದ್ರೆ,” ಎಂದ ಅವನು, ಊರಿನ ಅಷ್ಟೂ ಮರ್ಯಾದೆಯನ್ನು ದನಿಯಲ್ಲಿ ಕಷ್ಟಪಟ್ಟು ಹಿಡಿದಿಟ್ಟುಕೊಂಡು, “ಮೀನು?”

ವೆಂಡಲ್‌ಗೆ ಗೊತ್ತಿದ್ದ ನಲವತ್ತು ಪದಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಕರ್ಟಿಸ್, ಯಾರಿಗೂ ತೊಂದರೆಯಾಗದ ಹಾಗೆ, ಗಾಲಿ ಕುರ್ಚಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ಕೂತ.